ಎಲೆ ಹೊಲಿದು, ಗೋಡೆ ಕಟ್ಟಿ: ಆಂಡಿ ಗೋಲ್ಡ್ಸ್‌ವರ್ದಿ ಮಾಡುವುದಾದರೂ ಏನು?

ಉದುರಿದ ಎಲೆಗಳ ಒಂದು ದೊಡ್ಡ ವೃತ್ತ. ಹೊರಗಿನ ಅಂಚಿನಲ್ಲಿ ತಿಳಿಹಳದಿ, ಒಳಕ್ಕೆ ಬಂದಂತೆ ಕಿತ್ತಳೆ, ಆಮೇಲೆ ಕೆಂಪು, ನಟ್ಟನಡುವೆ ಕಗ್ಗತ್ತಲ ಗುಂಡಿ. ಈ ಚಿತ್ರವೋ ಇಂಥದ್ದೇ ಇನ್ನೊಂದೋ ನಿಮ್ಮ ಫೋನಿಗೂ ಎಂದಾದರೊಮ್ಮೆ ಬಂದಿರಬಹುದು. ಬಂದಿದ್ದರೆ ಈಗಿನ ಕಾಲದಲ್ಲಿ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಇದು ಎಐ ಮಾಡಿದ್ದೋ, ನಿಜವೋ?

ಆ ಬಗೆಯ ಹಲವು ಚಿತ್ರಗಳು ನಿಜವಾದವು. ಎಐ ಎಂಬ ಮಾತು ಮನೆಮಾತಾಗುವುದಕ್ಕೆ ಎಷ್ಟೋ ಮೊದಲು, 1980ರ ದಶಕದಿಂದ, ಒಬ್ಬ ಮನುಷ್ಯ ಕೈಯಲ್ಲಿ ಮಾಡಿ ಕ್ಯಾಮೆರಾದಲ್ಲಿ ಹಿಡಿದವು. ಅವರ ಹೆಸರು ಆಂಡಿ ಗೋಲ್ಡ್ಸ್‌ವರ್ದಿ. ದಕ್ಷಿಣ ಸ್ಕಾಟ್ಲೆಂಡಿನ ಪೆನ್‌ಪಾಂಟ್ ಎಂಬ ಹಳ್ಳಿಯಲ್ಲಿ ನೆಲೆಸಿರುವ ಶಿಲ್ಪಿ. 2025ರ ಜುಲೈಯಿಂದ ನವೆಂಬರ್‌ವರೆಗೆ ಎಡಿನ್‌ಬರೋದ ರಾಯಲ್ ಸ್ಕಾಟಿಷ್ ಅಕಾಡೆಮಿ ಕಟ್ಟಡದಲ್ಲಿ ಅವರ ಐವತ್ತು ವರ್ಷದ ಕೆಲಸದ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿಂದ ಬಂದ ಚಿತ್ರಗಳು ಇನ್ನೊಂದು ಸುತ್ತು ಹರಿದಾಡಿದವು. ಆದರೆ ಅವುಗಳಲ್ಲಿ ಎಲೆಯ ವೃತ್ತಕ್ಕಿಂತ ತುಕ್ಕು ಹಿಡಿದ ಮುಳ್ಳುತಂತಿ, ಕುರಿಯ ತುಪ್ಪಳ, ಸ್ಮಶಾನದ ಕಲ್ಲುಗಳೇ ಹೆಚ್ಚು ಕಂಡವು. ಚಂದದ ಎಲೆ ಜೋಡಿಸುವವರಿಗೆ ಮುಳ್ಳುತಂತಿ ಯಾಕೆ ಬೇಕು?

ಅದಕ್ಕೆ ಉತ್ತರ ಎಲೆಯಲ್ಲಿ ಸಿಗುವುದಿಲ್ಲ. ಕುರಿ, ಕಲ್ಲುಗೋಡೆ, ಹೊಲದ ಕೂಲಿ ಇವುಗಳಿಂದ ಹೊರಟರೆ ಸಿಗುತ್ತದೆ. ಈ ಲೇಖನ ಹೋಗುವುದು ಆ ದಾರಿಯಲ್ಲಿ.

ಹೊಲದಲ್ಲಿ ಪಳಗಿದ ಕೈ

ಗೋಲ್ಡ್ಸ್‌ವರ್ದಿ ಹುಟ್ಟಾ ಸ್ಕಾಟಿಷ್ ಅಲ್ಲ. 1956ರ ಜುಲೈ 26ರಂದು ಇಂಗ್ಲೆಂಡಿನ ಚೆಷೈರ್‌ನಲ್ಲಿ ಹುಟ್ಟಿದರು, ಬೆಳೆದದ್ದು ಯಾರ್ಕ್‌ಷೈರ್‌ನಲ್ಲಿ. ತಂದೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮಗನಿಗೆ ಹದಿಮೂರು ತುಂಬುವ ಹೊತ್ತಿಗೆ ಊರಾಚೆಯ ಹೊಲ, ಕೊಟ್ಟಿಗೆಗಳಲ್ಲಿ ಕೂಲಿ ಕೆಲಸ ಶುರುವಾಗಿತ್ತು. ಮುಂದೆ ಬ್ರಾಡ್‌ಫರ್ಡ್‌ನ ಕಲಾಶಾಲೆ, 1975ರಿಂದ 78ರವರೆಗೆ ಪ್ರೆಸ್ಟನ್ ಪಾಲಿಟೆಕ್ನಿಕ್‌ನಲ್ಲಿ ಲಲಿತಕಲೆಯ ಓದು. ಆದರೆ ತನ್ನ ಕೆಲಸದ ಬೇರು ಯಾವುದೆಂದು ಕೇಳಿದಾಗ ಅವರು ಹೇಳುತ್ತಾ ಬಂದದ್ದು ಕಲಾಶಾಲೆಯ ಹೆಸರನ್ನಲ್ಲ, ಆಲೂಗಡ್ಡೆ ಆಯುವ ಕೆಲಸವನ್ನು. ಸಾಲಿನಲ್ಲಿ ಬಗ್ಗಿ ನಡೆಯುತ್ತಾ ಒಂದೇ ಕೆಲಸವನ್ನು ಸಾವಿರ ಸಲ ಮಾಡುವಾಗ ಮೈಗೆ ಹತ್ತುವ ಒಂದು ಲಯವಿದೆಯಲ್ಲ, ನನ್ನ ಶಿಲ್ಪವೂ ಬಹುಪಾಲು ಅದೇ ಎನ್ನುವುದು ಅವರ ಮಾತಿನ ತಿರುಳು.

ವಿದ್ಯಾರ್ಥಿಯಾಗಿದ್ದಾಗ ತರಗತಿಯ ನಾಲ್ಕು ಗೋಡೆ ಬಿಟ್ಟು ಹತ್ತಿರದ ಮೋರ್ಕಂಬ್ ಕೊಲ್ಲಿಯ ದಡಕ್ಕೆ ಹೋಗಿ ಮರಳು, ಕಲ್ಲುಗಳಲ್ಲಿ ಕೆಲಸ ಮಾಡತೊಡಗಿದರು. ಅಲ್ಲಿ ಭರತ ಬಂದರೆ ಮೈಲಿಗಟ್ಟಲೆ ಮರಳು ನೀರಿನಡಿ ಹೋಗುತ್ತದೆ. ಬೆಳಿಗ್ಗೆ ಮಾಡಿದ್ದು ಸಂಜೆಗೆ ಇಲ್ಲ. ಉಳಿಯಬೇಕೆಂದರೆ ಫೋಟೊ ತೆಗೆಯಬೇಕು. ಅವರ ಮುಂದಿನ ಐವತ್ತು ವರ್ಷದ ಅಭ್ಯಾಸ ಅಲ್ಲೇ ಬಿತ್ತು: ಹೊರಗೆ ಹೋಗು, ಸಿಕ್ಕಿದ್ದರಲ್ಲಿ ಮಾಡು, ಚಿತ್ರ ತೆಗೆ, ಬಿಟ್ಟು ಬಾ.

1985ರಲ್ಲಿ ಸ್ಕಾಟ್ಲೆಂಡಿಗೆ ಬಂದರು. ಮರುವರ್ಷದಿಂದ ಡಂಫ್ರೀಸ್ ಮತ್ತು ಗ್ಯಾಲೊವೇ ಪ್ರಾಂತ್ಯದ ಪೆನ್‌ಪಾಂಟ್‌ನಲ್ಲೇ ವಾಸ. ಪ್ರವಾಸಿ ಪೋಸ್ಟರುಗಳಲ್ಲಿ ಕಾಣುವ ಕೋಟೆ, ಸರೋವರಗಳ ಸ್ಕಾಟ್ಲೆಂಡ್ ಇದಲ್ಲ. ಮಳೆ ಹೆಚ್ಚು, ಬೆಟ್ಟಗಳು ಬೋಳು, ಕುರಿ ಮತ್ತು ದನಗಳೇ ಊರಿನ ಬದುಕು. ಗುಡ್ಡದ ನೆತ್ತಿಯವರೆಗೂ ಕಲ್ಲಿನ ಗೋಡೆಗಳು. ಅಲ್ಲಿನ ಪ್ರತಿ ಹುಲ್ಲುಗಾವಲೂ ಯಾರೋ ಕಲ್ಲು ಆಯ್ದು ಹಸನು ಮಾಡಿದ ನೆಲವೇ. ಪರಕೀಯ ಕಣ್ಣಿಗೆ ‘ನಿಸರ್ಗ’ ಎಂದು ಕಾಣುವುದೆಲ್ಲ ತಲೆತಲಾಂತರದ ದುಡಿಮೆಯ ಫಲ. ‘ಪ್ರಕೃತಿ ಶಿಲ್ಪಿ’ ಎಂದು ಅವರಿಗೆ ಅಂಟಿಸುವ ಹಣೆಪಟ್ಟಿ ಸುಳ್ಳಲ್ಲ, ಆದರೆ ಅದು ಈ ದುಡಿಮೆಯನ್ನು ಮರೆಮಾಚುತ್ತದೆ ಎಂದು ನನಗನ್ನಿಸುತ್ತದೆ.

ಇದನ್ನು ಶಿಲ್ಪ ಅನ್ನಬಹುದೇ?

ಶಿಲ್ಪ ಎಂದರೆ ಉಳಿಯಲೆಂದೇ ಮಾಡಿದ್ದು, ಕಡೆದದ್ದು ಅಥವಾ ಎರಕ ಹೊಯ್ದದ್ದು ಎಂಬುದು ರೂಢಿಯ ತಿಳಿವಳಿಕೆ. 1960ರ ದಶಕದ ಕೊನೆಯಲ್ಲಿ ಕೆಲವು ಕಲಾವಿದರು ಗ್ಯಾಲರಿಯ ಕೋಣೆ ಬಿಟ್ಟು ನೆಲಕ್ಕೇ ಕೈಹಾಕಿದರು. ಇದಕ್ಕೆ ಲ್ಯಾಂಡ್ ಆರ್ಟ್ ಎಂಬ ಹೆಸರು ಬಿತ್ತು. ಅಮೆರಿಕದಲ್ಲಿ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಯೂಟಾದ ಉಪ್ಪಿನ ಸರೋವರದೊಳಕ್ಕೆ ಲಾರಿಗಟ್ಟಲೆ ಬಂಡೆ ಸುರಿಸಿ, ಸುಮಾರು 1,500 ಅಡಿ ಉದ್ದದ ಸುರುಳಿದಾರಿ ಮಾಡಿದರು. ಬ್ರಿಟನ್ನಿನ ರಿಚರ್ಡ್ ಲಾಂಗ್ 1967ರಲ್ಲಿ ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು, ಹುಲ್ಲು ಮಲಗಿ ಬಿದ್ದ ಗೆರೆಯ ಫೋಟೊ ತೆಗೆದು, ಅದೇ ಕೃತಿ ಎಂದರು.

ಗೋಲ್ಡ್ಸ್‌ವರ್ದಿ ಬರುವುದು ಇವರ ನಂತರದ ಪೀಳಿಗೆಯಲ್ಲಿ. ಅವರ ಕೆಲಸದಲ್ಲಿ ಎರಡು ಬಗೆ ಇದೆ. ಒಂದು, ಒಬ್ಬರೇ ಬರಿಗೈಯಲ್ಲಿ ಮಾಡುವ, ನಿಮಿಷದಿಂದ ಕೆಲವು ದಿನ ಬಾಳುವ ಚಿಕ್ಕ ಕೆಲಸಗಳು. ಇನ್ನೊಂದು, ಕಸುಬುದಾರರು, ಕ್ರೇನು, ಲಾರಿ ಎಲ್ಲ ಸೇರಿ ಕಟ್ಟುವ ಗೋಡೆ, ಕಮಾನು, ಗುಮ್ಮಟಗಳು. ಜನ ಸಾಮಾನ್ಯವಾಗಿ ಮೊದಲನೆಯದನ್ನೇ ಬಲ್ಲರು, ಎರಡನೆಯದನ್ನು ನೋಡಿದಾಗ ಇದು ಬೇರೆ ಯಾರದ್ದೋ ಅಂದುಕೊಳ್ಳುತ್ತಾರೆ.

ಎಲೆ, ಮಂಜುಗಡ್ಡೆ, ಮಳೆ

ಮೊದಲು ಚಿಕ್ಕ ಕೆಲಸಗಳು ಹೇಗಾಗುತ್ತವೆ ನೋಡೋಣ. ನಿಯಮ ಸರಳ. ಆ ಜಾಗದಲ್ಲಿ ಸಿಕ್ಕಿದ್ದನ್ನೇ ಬಳಸಬೇಕು. ಗುಂಡುಸೂಜಿಯ ಬದಲು ಮುಳ್ಳು, ದಾರದ ಬದಲು ಹುಲ್ಲಿನ ಕಡ್ಡಿ, ಅಂಟಿನ ಬದಲು ನೀರು ಅಥವಾ ಉಗುಳು.

ಎಲೆಯ ವೃತ್ತದ ಬಣ್ಣ ಹಚ್ಚಿದ್ದಲ್ಲ, ಆಯ್ದದ್ದು. ಚಳಿಗಾಲಕ್ಕೆ ಮುಂಚೆ ಎಲೆಯೊಳಗಿನ ಹಸಿರುದ್ರವ್ಯ ಕರಗಿಹೋಗಿ, ಅದರಡಿ ಮೊದಲಿಂದಲೂ ಇದ್ದ ಹಳದಿ ಮೇಲೆ ಕಾಣುತ್ತದೆ. ಕೆಲವು ಜಾತಿಯ ಮರಗಳಲ್ಲಿ ಆಗಲೇ ಕೆಂಪು ದ್ರವ್ಯ ಹೊಸದಾಗಿ ಹುಟ್ಟುತ್ತದೆ. ಒಂದೇ ಮರದ ಎಲ್ಲ ಎಲೆಗಳಿಗೂ ಇದು ಒಂದೇ ದಿನ ಆಗುವುದಿಲ್ಲವಾದ್ದರಿಂದ, ಮರದಡಿ ಬಿದ್ದ ರಾಶಿಯಲ್ಲೇ ಬಣ್ಣದ ಪೂರ್ತಿ ಏಣಿ ಇರುತ್ತದೆ. ಅದನ್ನು ಎಲೆ ಎಲೆಯಾಗಿ ಬೇರ್ಪಡಿಸುವುದೇ ಕೆಲಸದ ಮುಕ್ಕಾಲು ಪಾಲು. ಆಲೂಗಡ್ಡೆಯ ಮಾತು ಇಲ್ಲಿ ಅರ್ಥವಾಗುತ್ತದೆ. ಇನ್ನು ಕಲ್ಲಿನ ಮೇಲೆ ಹೂವಿನ ಎಸಳನ್ನು ಮೆತ್ತಿಸುವುದು ಬರೀ ನೀರು. ತೆಳುವಾದ ನೀರಿನ ಪದರ ಎಸಳನ್ನು ಕಲ್ಲಿಗೆ ಎಳೆದು ಹಿಡಿಯುತ್ತದೆ, ನೀರು ಆರಿದರೆ ಎಸಳು ಉದುರುತ್ತದೆ. ಕೆಲಸ ಮುಗಿಸಿ ಫೋಟೊ ತೆಗೆಯಲು ಸಿಗುವ ಸಮಯವೂ ಅಷ್ಟೇ.

ಮಂಜುಗಡ್ಡೆಯದು ಇನ್ನೂ ಪೇಚಿನದು. ಬಂಡೆಗಳಿಂದ ಇಳಿಬಿದ್ದ ಹಿಮದ ಕಡ್ಡಿಗಳನ್ನು ಮುರಿದು, ತುದಿಯನ್ನು ಒದ್ದೆ ಮಾಡಿ, ಇನ್ನೊಂದು ತುಂಡಿಗೆ ಒತ್ತಿ ಹಿಡಿದು, ಹೆಪ್ಪುಗಟ್ಟುವವರೆಗೆ ಅಲುಗದೆ ನಿಲ್ಲಬೇಕು. ಇದು ಆಗುವುದು ಗಾಳಿಯ ಉಷ್ಣತೆ ಸೊನ್ನೆಗಿಂತ ಚೆನ್ನಾಗಿ ಕೆಳಗಿದ್ದರೆ ಮಾತ್ರ. ಹಾಗಾಗಿ ಕೆಲಸ ಬೆಳಗಿನ ಜಾವದ ಮುಂಚಿನ ಕತ್ತಲಲ್ಲಿ. ಕೈಗವಸು ಹಾಕಿಕೊಂಡರೆ ಒದ್ದೆ ಮಂಜಿಗೆ ಅದೇ ಅಂಟಿಕೊಳ್ಳುತ್ತದೆ, ಬೆರಳಿಗೆ ಹಿಡಿತ ತಿಳಿಯುವುದಿಲ್ಲ, ಆದ್ದರಿಂದ ಬಹಳಷ್ಟು ಸಲ ಬರಿಗೈ. ಹೊತ್ತು ಹುಟ್ಟಿದಾಗ ಬೆಳಕು ಮಂಜಿನೊಳಗೆ ಹಾದು ಅದನ್ನು ಬೆಳಗುತ್ತದೆ. ಕರಗಿಸುವುದೂ ಅದೇ ಬಿಸಿಲು.

ಇವೆಲ್ಲಕ್ಕಿಂತ ಅಗ್ಗದ್ದು ಮಳೆನೆರಳು. ಮಳೆ ಶುರುವಾಗುವ ಹೊತ್ತಿಗೆ ರಸ್ತೆಯ ಮೇಲೋ ಬಂಡೆಯ ಮೇಲೋ ಅಂಗಾತ ಮಲಗುವುದು, ಸುತ್ತಲಿನ ನೆಲ ನೆನೆದ ಮೇಲೆ ಎದ್ದುಬಿಡುವುದು. ಮಲಗಿದ್ದ ಜಾಗದಲ್ಲಿ ಮನುಷ್ಯಾಕಾರದ ಒಣ ಗುರುತು. ಒಂದು ನಿಮಿಷವೋ ಅದಕ್ಕಿಂತ ಕಡಿಮೆಯೋ ಇದ್ದು ಅದೂ ಒದ್ದೆಯಾಗುತ್ತದೆ. ಇದನ್ನವರು ದಶಕಗಳಿಂದ ಊರೂರುಗಳಲ್ಲಿ ಮಾಡುತ್ತಾ ಬಂದಿದ್ದಾರೆ. ದೊಡ್ಡ ನಗರದ ಕಾಲುದಾರಿಯಲ್ಲೂ ಮಲಗಿದ್ದುಂಟು, ಜನ ದಾಟಿಕೊಂಡು ಹೋದದ್ದೂ ಉಂಟು.

ಗಾರೆಯಿಲ್ಲದ ಗೋಡೆ ನಿಲ್ಲುವುದು ಹೇಗೆ

ಈಗ ವಿಷಯದ ಹೊಟ್ಟೆಗೆ ಬರೋಣ. ಸ್ಕಾಟ್ಲೆಂಡಿನಲ್ಲಿ ಡೈಕ್ ಎಂದು ಕರೆಯುವ ಹೊಲದ ಗೋಡೆಗೆ ಸಿಮೆಂಟೂ ಇಲ್ಲ, ಸುಣ್ಣದ ಗಾರೆಯೂ ಇಲ್ಲ, ಮಣ್ಣೂ ಇಲ್ಲ. ಕಲ್ಲಿನ ಮೇಲೆ ಕಲ್ಲು. ಹಾಗಿದ್ದೂ ನೂರು, ಇನ್ನೂರು ವರ್ಷ ನಿಂತ ಗೋಡೆಗಳು ಸಾಮಾನ್ಯ.

ಒಂದು ಗೋಡೆಯಂತೆ ಕಂಡರೂ ಅವು ಎರಡು. ಬೆನ್ನಿಗೆ ಬೆನ್ನು ಕೊಟ್ಟು ಎರಡು ತೆಳು ಗೋಡೆಗಳನ್ನು ಒಟ್ಟೊಟ್ಟಿಗೆ ಎಬ್ಬಿಸುತ್ತಾರೆ. ನಡುವಿನ ಹೊಟ್ಟೆಗೆ ಚೂರುಗಲ್ಲುಗಳನ್ನು ಸುಮ್ಮನೆ ಸುರಿಯದೆ ಒಂದೊಂದಾಗಿ ಇರುಕಿಸಿ ತುಂಬುತ್ತಾರೆ. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು, ಹಾಗಾಗಿ ಎರಡೂ ಮುಖಗಳು ಒಂದರ ಮೇಲೊಂದು ಒರಗುತ್ತವೆ. ಕೆಳಗಿನ ಸಾಲಿನ ಎರಡು ಕಲ್ಲುಗಳ ಸಂದು ಬರುವಲ್ಲಿ ಮೇಲಿನ ಸಾಲಿನ ಒಂದು ಕಲ್ಲು ಕೂರಬೇಕು. ಸಂದಿನ ಮೇಲೆ ಸಂದು ಬಂದರೆ ಅಲ್ಲಿ ಗೋಡೆ ಬಿರಿಯುತ್ತದೆ. ಅರ್ಧ ಎತ್ತರಕ್ಕೆ ಬಂದಾಗ ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡಡ್ಡ ಇಡುತ್ತಾರೆ. ಎರಡು ಗೋಡೆಗಳನ್ನು ಒಂದು ಮಾಡುವುದು ಇವೇ. ಕೊನೆಗೆ ನೆತ್ತಿಯುದ್ದಕ್ಕೂ ಭಾರದ ಕಲ್ಲುಗಳನ್ನು ನೆಟ್ಟಗೆ ಜೋಡಿಸಿ ಇಡೀ ಗೋಡೆಯನ್ನು ಅದುಮಿ ಹಿಡಿಸುತ್ತಾರೆ.

ಗಾರೆ ಯಾಕೆ ಹಾಕುವುದಿಲ್ಲ? ಬಡತನಕ್ಕಷ್ಟೇ ಅಲ್ಲ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಗಾರೆಯ ಬಿರುಕಿನೊಳಗೆ ನೀರು ಸೇರಿ ಪ್ರತಿ ಚಳಿಗಾಲ ಹೆಪ್ಪುಗಟ್ಟಿದರೆ ಗೋಡೆ ಒಳಗಿನಿಂದಲೇ ಒಡೆಯುತ್ತದೆ. ಒಣಗೋಡೆಯಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ, ಬಿರುಗಾಳಿಯೂ ಸ್ವಲ್ಪ ಸೋಸಿಹೋಗುತ್ತದೆ. ನೆಲ ಕುಸಿದರೆ ಗೋಡೆಯೂ ಅಷ್ಟಿಷ್ಟು ಸರಿದು ಕೂರುತ್ತದೆ. ಒಂದು ಕಡೆ ಬಿದ್ದರೆ ಬಿದ್ದ ಕಲ್ಲುಗಳಿಂದಲೇ ಮತ್ತೆ ಕಟ್ಟಬಹುದು, ಹೊಸದಾಗಿ ಏನೂ ತರಬೇಕಿಲ್ಲ.

ಗ್ಯಾಲೊವೇ ಸೀಮೆಗೇ ವಿಶೇಷವಾದ ಒಂದು ಬಗೆಯಿದೆ. ಕೆಳಗರ್ಧ ಇಮ್ಮಡಿ ಗೋಡೆ, ಮೇಲರ್ಧ ಒಂದೇ ಸಾಲಿನ ದೊಡ್ಡ ಕಲ್ಲುಗಳು, ನಡುನಡುವೆ ಬೆಳಕು ತೂರುವಷ್ಟು ಕಿಂಡಿ. ಕಿಂಡಿಯಲ್ಲಿ ಆಕಾಶ ಕಂಡರೆ ಕುರಿಗಳು ಈ ಗೋಡೆ ಗಟ್ಟಿಯಿಲ್ಲ ಎಂದು ಹೆದರಿ ಹಾರುವುದಿಲ್ಲವಂತೆ. ಕುರಿಯ ಮನಸ್ಸು ಯಾರು ಬಲ್ಲರು, ಆದರೆ ಅಲ್ಲಿನ ರೈತರು ಹೇಳುವುದು ಹಾಗೆ.

ಗೋಲ್ಡ್ಸ್‌ವರ್ದಿಯವರ ದೊಡ್ಡ ಗೋಡೆಗಳನ್ನು ಕಟ್ಟುವವರು ಈ ಕಸುಬಿನಲ್ಲೇ ಬದುಕುವ ಡೈಕರ್‌ಗಳು. ಗೆರೆ ಎಲ್ಲಿ ಸಾಗಬೇಕು, ಎಲ್ಲಿ ಬಾಗಬೇಕು ಎಂಬುದು ಶಿಲ್ಪಿಯದು, ಕಲ್ಲು ಕೂರಿಸುವ ಕೈ ಅವರದು. ಇದನ್ನು ಗೋಲ್ಡ್ಸ್‌ವರ್ದಿ ಮುಚ್ಚಿಟ್ಟವರಲ್ಲ.

ಗೋಡೆ ಎಂದರೆ ಜಗಳ

ಗೋಡೆಗಳು ಅಲ್ಲಿ ಮೊದಲಿಂದಲೂ ಇದ್ದವಲ್ಲ. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದಾದ ಮೇಲೆ ದಕ್ಷಿಣದ ಮಾರುಕಟ್ಟೆಗೆ ದನ ಮಾರುವುದು ಲಾಭದ ದಂಧೆಯಾಯಿತು. ಗ್ಯಾಲೊವೇಯ ಜಮೀನುದಾರರು ಗೇಣಿದಾರರನ್ನು ಎಬ್ಬಿಸಿ, ಅವರು ಉಳುತ್ತಿದ್ದ ನೆಲಕ್ಕೆ ಗೋಡೆ ಸುತ್ತಿಸಿ ದನ ಬಿಟ್ಟರು. 1724ರಲ್ಲಿ ರೈತರು ಗುಂಪುಗೂಡಿ ಆ ಗೋಡೆಗಳನ್ನು ಉರುಳಿಸತೊಡಗಿದರು. ಅವರಿಗೆ ಲೆವೆಲರ್ಸ್ ಎಂಬ ಹೆಸರು ಬಿತ್ತು, ಅಂದರೆ ನೆಲಸಮ ಮಾಡುವವರು. ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ಇಂದು ಪಿಕ್ಚರ್ ಪೋಸ್ಟ್‌ಕಾರ್ಡಿನಲ್ಲಿ ಚಂದ ಕಾಣುವ ಗೋಡೆಯ ಹಿಂದೆ ಇಂಥದೊಂದು ಎತ್ತಂಗಡಿಯ ಕಥೆ ಇರುವ ಸಾಧ್ಯತೆ ಹೆಚ್ಚು.

ಪೆನ್‌ಪಾಂಟ್ ಬಳಿಯ ಸ್ಟೋನ್‌ವುಡ್ ಎಂಬ ಸಣ್ಣ ಕಾಡಿನಲ್ಲಿ 1980ರ ದಶಕದ ಕೊನೆಗೆ ಗೋಲ್ಡ್ಸ್‌ವರ್ದಿ ಕಟ್ಟಿಸಿದ ಗೋಡೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಒಂದು ಬದಿ ಅವರ ಕಾಡು, ಇನ್ನೊಂದು ಬದಿ ಪಕ್ಕದ ರೈತನ ಹುಲ್ಲುಗಾವಲು. ನಡುವೆ ಮುರಿದ ಹಳೆಯ ಗೋಡೆ. ಹೊಸ ಗೋಡೆ ನೇರ ಹೋಗದೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಳುಕಿತು. ಒಂದು ಬಳುಕಿನಲ್ಲಿ ಕಾಡಿಗೆ ರೈತನ ನೆಲದ ತುಣುಕು, ಇನ್ನೊಂದರಲ್ಲಿ ಕುರಿಗಳಿಗೆ ಕಾಡಿನೊಳಗೆ ಒಂದು ಆಸರೆ. ಕೊಟ್ಟು ತೆಗೆದುಕೊಳ್ಳುವ ಗೋಡೆ ಎಂದೇ ಅದರ ಹೆಸರು. ಗಡಿಕಲ್ಲು ಒಂದು ಗೇಣು ಸರಿದರೂ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನೋಡಿರುವ ನಮಗೆ ಇದು ಎಷ್ಟು ದೊಡ್ಡ ಒಪ್ಪಂದ ಎಂದು ಬಿಡಿಸಿ ಹೇಳಬೇಕಿಲ್ಲ.

ಇದೇ ವಿಚಾರ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ಸ್ಟಾರ್ಮ್ ಕಿಂಗ್ ಶಿಲ್ಪೋದ್ಯಾನದ ಕಾಡಿನಲ್ಲಿ ಹಿಂದೆ ಹೊಲಗಳಿದ್ದವು. ರೈತರು ಬಿಟ್ಟುಹೋದ ಮೇಲೆ ಅವರ ಗೋಡೆಯ ಪಕ್ಕ ಮರಗಳು ಬೆಳೆದವು, ಬೆಳೆದ ಮರಗಳೇ ಗೋಡೆಯನ್ನು ಕೆಡವಿದವು. 1997–98ರಲ್ಲಿ ಬ್ರಿಟನ್ನಿನಿಂದ ಬಂದ ಕಲ್ಲುಕಟ್ಟುಗರು ಅದೇ ಜಾಗದ ಕಲ್ಲುಗಳಿಂದ 2,278 ಅಡಿ ಉದ್ದದ ಹೊಸ ಗೋಡೆ ಕಟ್ಟಿದರು. ಈ ಸಲ ಗೋಡೆ ಮರಗಳಿಗೆ ದಾರಿ ಬಿಟ್ಟಿದೆ. ಒಂದೊಂದು ಮರವನ್ನೂ ಬಳಸಿ ಸುತ್ತಿ ಇಳಿಜಾರಿನಲ್ಲಿ ಸಾಗಿ, ಕೊಳದೊಳಕ್ಕೆ ಮುಳುಗಿ, ಆಚೆ ದಡದಲ್ಲಿ ಎದ್ದು, ಹೆದ್ದಾರಿಯವರೆಗೆ ನೇರವಾಗಿ ಓಡುತ್ತದೆ. ಆ ಮರಗಳು ದಪ್ಪವಾಗುತ್ತಾ ಹೋದಂತೆ ಈ ಗೋಡೆಯನ್ನೂ ತಳ್ಳುತ್ತವೆ ಎಂಬುದು ಕಟ್ಟಿಸಿದವರಿಗೆ ಗೊತ್ತಿಲ್ಲದ್ದೇನಲ್ಲ.

ಕುರಿರೊಪ್ಪವೇ ಶಿಲ್ಪ

ಬೆಟ್ಟದಲ್ಲಿ ಬಿಡುಬೀಸಾಗಿ ಮೇಯುವ ಕುರಿಗಳನ್ನು ತುಪ್ಪಳ ಕತ್ತರಿಸಲು, ತೊಳೆಯಲು, ಎಣಿಸಲು ಒಟ್ಟುಹಾಕುವ ಕಲ್ಲಿನ ಆವರಣಗಳು ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ತುಂಬಾ ಇವೆ. ದಾರಿತಪ್ಪಿ ಬಂದ ಪರರ ದನಕುರಿಗಳನ್ನು ಕೂಡಿಹಾಕಿ, ಒಡೆಯ ದಂಡ ತೆತ್ತ ಮೇಲೆ ಬಿಡುತ್ತಿದ್ದ ದೊಡ್ಡಿಗಳೂ ಇದ್ದವು. ತಂತಿಬೇಲಿ, ಟ್ರೇಲರ್ ಬಂದ ಮೇಲೆ ಬಹಳಷ್ಟು ಹಾಳುಬಿದ್ದವು.

1996ರಿಂದ ಗೋಲ್ಡ್ಸ್‌ವರ್ದಿ ಇಂಗ್ಲೆಂಡಿನ ಕಂಬ್ರಿಯಾ ಜಿಲ್ಲೆಯಲ್ಲಿ ಹಳೆಯ ನಕ್ಷೆಗಳನ್ನು ಹರಡಿಕೊಂಡು ಇಂಥ ರೊಪ್ಪಗಳಿದ್ದ ಜಾಗಗಳನ್ನು ಹುಡುಕಿದರು. ಬಿದ್ದವನ್ನು ಎತ್ತಿ ಕಟ್ಟಿಸಿದರು, ಗುರುತೇ ಇಲ್ಲದಂತಾದವನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದರು. ಕೆಲವು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಆದವು. ಕೆಲವದರ ಒಳಗೆ ಕಲ್ಲು ಜೋಡಿಸಿ ಮಾಡಿದ ಎತ್ತರದ ಗೋಪುರಾಕಾರವಿದೆ, ಕೆಲವದರಲ್ಲಿ ಒಂದು ಬಂಡೆ. ಇನ್ನು ಕೆಲವು ಬರೀ ರೊಪ್ಪ. ಕುರಿ ಒಳಗೆ ಹೋಗಬಹುದು, ರೈತ ಬಳಸಬಹುದು. ಗೊತ್ತಿಲ್ಲದವರು ಪಕ್ಕದಲ್ಲೇ ನಡೆದುಹೋದರೂ ಇದು ಕಲಾಕೃತಿ ಎಂದು ತಿಳಿಯಲಾರದು.

ಈ ಯೋಜನೆ ನಡೆಯುತ್ತಿದ್ದಾಗಲೇ, 2001ರಲ್ಲಿ, ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಡಿಯಿತು. ರೋಗ ಹರಡದಿರಲೆಂದು ಲಕ್ಷಗಟ್ಟಲೆ ಕುರಿ, ದನಗಳನ್ನು ಕೊಂದರು. ಅತಿ ಹೆಚ್ಚು ಪೆಟ್ಟು ತಿಂದದ್ದು ಕಂಬ್ರಿಯಾ, ಅದರ ಬೆನ್ನಿಗೇ ಗಡಿಯಾಚೆಯ ಡಂಫ್ರೀಸ್ ಸೀಮೆ. ಕುರಿಗಳೇ ಇಲ್ಲದ ಬೆಟ್ಟದಲ್ಲಿ ಕುರಿರೊಪ್ಪ ನಿಂತಿದ್ದರೆ ಅದನ್ನು ಯಾರೂ ಅಲಂಕಾರವೆಂದು ನೋಡಲಾರರು.

ಕಮಾನು: ಭಾರವೇ ಬಲ

ಗೋಡೆಯ ನಂತರ ಅವರು ಮತ್ತೆ ಮತ್ತೆ ಹಿಂದಿರುಗುವ ಆಕಾರ ಕಮಾನು. ಇದಕ್ಕೂ ಗಾರೆಯಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವನು ಬ್ರೇಕ್ ಹಾಕಿದರೂ ಬೀಳುವುದಿಲ್ಲ, ಎರಡೂ ಬದಿಯವರು ಅವನನ್ನು ಒತ್ತಿ ಹಿಡಿದಿರುತ್ತಾರೆ. ಕಮಾನಿನ ಕಲ್ಲುಗಳೂ ಹಾಗೆ. ಪ್ರತಿ ಕಲ್ಲನ್ನೂ ಬೆಣೆಯಾಕಾರಕ್ಕೆ, ಅಂದರೆ ಮೇಲೆ ಅಗಲ, ಕೆಳಗೆ ಕಿರಿದಾಗಿ ಕಡೆದಿರುತ್ತಾರೆ. ಅದು ಕೆಳಕ್ಕೆ ಜಾರಬೇಕಾದರೆ ಪಕ್ಕದ ಕಲ್ಲುಗಳನ್ನು ದೂರ ತಳ್ಳಬೇಕು, ಆದರೆ ಅವು ಸರಿಯಲು ಜಾಗವಿಲ್ಲ. ಹೀಗೆ ಕೆಳಗೆಳೆಯುವ ಭಾರ ಪಕ್ಕಕ್ಕೆ ಒತ್ತುವ ಬಲವಾಗಿ, ಕಲ್ಲಿನಿಂದ ಕಲ್ಲಿಗೆ ದಾಟುತ್ತಾ ಎರಡು ಪಾದಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಕಲ್ಲು ಎಳೆತಕ್ಕೆ ಬೇಗ ಮುರಿಯುತ್ತದೆ, ಒತ್ತಡವನ್ನು ಮಾತ್ರ ಬಹಳ ತಾಳುತ್ತದೆ. ಕಮಾನು ಅದಕ್ಕೆ ಕೊಡುವುದು ಒತ್ತಡವನ್ನಷ್ಟೇ.

ತೊಂದರೆ ಇರುವುದು ಕಟ್ಟುವಾಗ. ನೆತ್ತಿಯ ಕೊನೆಯ ಕಲ್ಲು ಕೂರುವವರೆಗೆ ಕಮಾನಿಗೆ ಸ್ವಂತ ಬಲವಿಲ್ಲ. ಹಾಗಾಗಿ ಅಡಿಯಲ್ಲಿ ಮರದ ಸೆಂಟ್ರಿಂಗ್ ಕೊಟ್ಟು ಕಲ್ಲು ಜೋಡಿಸಿ, ಕೊನೆಗೆ ಸೆಂಟ್ರಿಂಗ್ ತೆಗೆಯುತ್ತಾರೆ. ಆ ಗಳಿಗೆಯಲ್ಲಿ ಕಮಾನು ಒಂದಿಷ್ಟು ಕುಸಿದು ಬಿಗಿಯಾಗುತ್ತದೆ, ಅಥವಾ ಬಿದ್ದೇ ಹೋಗುತ್ತದೆ.

ಪೆನ್‌ಪಾಂಟ್‌ಗೆ ಹೆಚ್ಚು ದೂರವಿಲ್ಲದ ಕೇರ್ನ್‌ಹೆಡ್ ಕಣಿವೆಯ ಬೆಟ್ಟದ ನೆತ್ತಿಗಳ ಮೇಲೆ ಇಂಥ ಕೆಂಪು ಮರಳುಗಲ್ಲಿನ ಕಮಾನುಗಳಿವೆ, ಇನ್ನೊಂದು ಕೆಳಗೆ ಪಾಳುಬಿದ್ದ ಕೊಟ್ಟಿಗೆಯೊಂದರಿಂದ ಹೊರಕ್ಕೆ ಹಾರಿ ನಿಂತಿದೆ. ಒಂದೊಂದಕ್ಕೂ 31 ಕಲ್ಲು, ಎತ್ತರ ಸುಮಾರು 4 ಮೀಟರ್, ಅಗಲ ಸುಮಾರು 7 ಮೀಟರ್, ತೂಕ ಸುಮಾರು 27 ಟನ್. ‘ಹೆಜ್ಜೆ ಹಾಕುವ ಕಮಾನುಗಳು’ ಎಂದು ಅವುಗಳ ಹೆಸರು. ಹೆಜ್ಜೆ ಎಲ್ಲಿಗೆ? ಗೇಣಿ ಕಳೆದುಕೊಂಡವರು, ಕೆಲಸವಿಲ್ಲದವರು ಈ ಸೀಮೆಯಿಂದ ಹಡಗು ಹತ್ತಿ ಕೆನಡಾ, ಅಮೆರಿಕ, ನ್ಯೂಜಿಲೆಂಡ್‌ಗಳಿಗೆ ಹೋದರು. ಗೋಲ್ಡ್ಸ್‌ವರ್ದಿಯವರ ಕಮಾನುಗಳೂ ಹೋದವು. ಒಂದು ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ನ್ಯೂಜಿಲೆಂಡಿನ ಕೈಪರ ಬಂದರಿನಲ್ಲಿ ಒಂದು ಸಾಲೇ ಸಮುದ್ರದ ಕಡೆಗೆ ಇಳಿದಿದೆ, ಭರತ ಬಂದಾಗ ಅವುಗಳ ಕಾಲು ನೀರಿನಲ್ಲಿ.

ಇದಕ್ಕೂ ಮುಂಚೆ, 1997ರಲ್ಲಿ, ಕೆಂಪುಕಲ್ಲಿನ ಒಂದೇ ಕಮಾನನ್ನು ಸ್ಕಾಟ್ಲೆಂಡಿನಿಂದ ಹೊರಡಿಸಿ, ಹಿಂದೆ ದನಗಾಹಿಗಳು ಜಾನುವಾರು ಹೊಡೆದುಕೊಂಡು ಇಂಗ್ಲೆಂಡಿನ ಸಂತೆಗೆ ಹೋಗುತ್ತಿದ್ದ ದಾರಿಗುಂಟ ಕಂಬ್ರಿಯಾದ ಕರ್ಬಿ ಲಾನ್ಸ್‌ಡೇಲ್‌ವರೆಗೆ ಒಯ್ದರು. ದಾರಿಯಲ್ಲಿ ನಿಲ್ಲಿಸಿ ಕಟ್ಟುವುದು, ಬಿಚ್ಚುವುದು, ಮುಂದಕ್ಕೆ ಹೋಗುವುದು. ದನ ರಾತ್ರಿ ತಂಗುತ್ತಿದ್ದ ಕಡೆ ಕಮಾನು ತಂಗಿತು. ಗಾರೆ ಹಾಕಿದ್ದರೆ ಈ ಪಯಣ ಆಗುತ್ತಲೇ ಇರಲಿಲ್ಲ.

ಲಂಡನ್ನಿಗೆ ಬಂದ ಹಿಮ

2000ನೇ ಇಸವಿಯ ಜೂನ್ 21, ನಡುಬೇಸಿಗೆ. ಬೆಳಿಗ್ಗೆ ಲಂಡನ್ನಿನ ಹಣಕಾಸು ವಹಿವಾಟಿನ ಬೀದಿಗಳಿಗೆ ಕೆಲಸಕ್ಕೆ ಬಂದವರಿಗೆ 13 ಬೃಹತ್ ಹಿಮದುಂಡೆಗಳು ಎದುರಾದವು. ಒಂದೊಂದೂ ಹೆಚ್ಚುಕಡಿಮೆ ಒಂದು ಟನ್. ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಉಂಡೆ ಕಟ್ಟಿ, ಶೀತಲಗೃಹದಲ್ಲಿ ಕಾಪಿಟ್ಟು, ರಾತ್ರೋರಾತ್ರಿ ಲಾರಿಯಲ್ಲಿ ತಂದು ಇಳಿಸಿದ್ದರು.

ಹಿಮ ಕರಗುತ್ತಾ ಹೋದಂತೆ ಒಳಗಿದ್ದದ್ದು ಹೊರಬಂತು. ಒಂದರಲ್ಲಿ ಕುರಿಯ ತುಪ್ಪಳ, ಇನ್ನೊಂದರಲ್ಲಿ ಕಾಗೆಯ ಗರಿ, ಮತ್ತೊಂದರಲ್ಲಿ ಬಾರ್ಲಿ, ಪೈನ್ ಕಾಯಿ, ದನದ ಕೂದಲು, ಮುಳ್ಳುತಂತಿ. ಉಂಡೆಗಳನ್ನಿಟ್ಟ ಜಾಗಗಳಲ್ಲಿ ಸ್ಮಿತ್‌ಫೀಲ್ಡ್ ಕೂಡ ಇತ್ತು. ಅದು ಶತಮಾನಗಳ ಕಾಲ ಜೀವಂತ ಜಾನುವಾರುಗಳ ಸಂತೆ, ಈಗ ಮಾಂಸದ ಸಗಟು ಮಾರುಕಟ್ಟೆ. ಹಳ್ಳಿಯಿಂದ ನಡೆದುಬಂದ ದನಕುರಿಗಳು ಕೊನೆಗೆ ಮುಟ್ಟುತ್ತಿದ್ದ ಊರು ಇದೇ.

ಉಳಿಯುವುದೇನು, ದುಡ್ಡೆಲ್ಲಿಂದ

ಕರಗುವ, ಕೊಳೆಯುವ ಕೆಲಸಗಳಿಂದ ಉಳಿಯುವುದು ಫೋಟೊ ಮತ್ತು ದಿನಚರಿ ಪುಸ್ತಕ. ಫೋಟೊಗಳು ಗ್ಯಾಲರಿಗಳ ಮೂಲಕ, ಪುಸ್ತಕಗಳ ಮೂಲಕ ಮಾರಾಟವಾಗುತ್ತವೆ. ಕಟ್ಟಡದಂಥ ದೊಡ್ಡ ಕೃತಿಗಳನ್ನು ವಸ್ತುಸಂಗ್ರಹಾಲಯ, ಶಿಲ್ಪೋದ್ಯಾನ, ಸಿರಿವಂತ ಸಂಗ್ರಾಹಕರು ಹಣ ಕೊಟ್ಟು ಮಾಡಿಸುತ್ತಾರೆ. ಒಂದು ಇನ್ನೊಂದನ್ನು ಸಾಕುತ್ತದೆ ಎನ್ನಬಹುದು.

ದೊಡ್ಡವೂ ಶಾಶ್ವತವೇನಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಪ್ರೆಸಿಡಿಯೊ ಉದ್ಯಾನದಲ್ಲಿ 2008ರಲ್ಲಿ ಕಡಿಯಬೇಕಾಗಿ ಬಂದ ಸೈಪ್ರಸ್ ಮರಗಳ ದಿಮ್ಮಿಗಳನ್ನು ಒಟ್ಟುಗೂಡಿಸಿ ಸುಮಾರು 100 ಅಡಿಯ ಗೋಪುರ ನಿಲ್ಲಿಸಿದರು. ಸುತ್ತ ನೆಟ್ಟ ಸಸಿಗಳು ಬೆಳೆದು ಒಂದು ದಿನ ಅದನ್ನು ಮುಚ್ಚಿಬಿಡಲಿ ಎಂಬುದು ಯೋಜನೆ. 2020ರ ಜೂನ್‌ನಲ್ಲಿ ಅದಕ್ಕೆ ಬೆಂಕಿ ಬಿತ್ತು. ಮೈ ಕರಿಬಿದ್ದರೂ ಗೋಪುರ ಬೀಳಲಿಲ್ಲ, ಹಾಗೆಯೇ ಉಳಿಸಿಕೊಂಡರು.

‘ಬಹಳ ಚಂದ, ಅಷ್ಟೇ’ ಎಂಬ ದೂರು ಕಲಾವಿಮರ್ಶಕರಿಂದ ಹಿಂದಿನಿಂದಲೂ ಇದೆ. ಎಲೆಯ ಫೋಟೊಗಳು ಕ್ಯಾಲೆಂಡರಿನ ಚಿತ್ರಗಳಂತೆ ಬಳಕೆಯಾಗುವುದರಿಂದ ಆ ದೂರಿಗೆ ಪೂರ್ತಿ ಆಧಾರವಿಲ್ಲ ಎನ್ನಲಾಗದು. ಎಡಿನ್‌ಬರೋ ಪ್ರದರ್ಶನ ಅದಕ್ಕೆ ಸಿಕ್ಕ ಜವಾಬಿನಂತಿತ್ತು. ಕಟ್ಟಡದ ಭವ್ಯವಾದ ಮೆಟ್ಟಿಲುಸಾಲಿಗೆ ಜಮಖಾನೆಯ ಜಾಗದಲ್ಲಿ ರೈತರು ಎಸೆದ ಕುರಿತುಪ್ಪಳದ ಹಾಸು. ಯಾರ ಕುರಿ ಯಾವುದೆಂದು ತಿಳಿಯಲು ಹಚ್ಚಿದ್ದ ಬಣ್ಣದ ಗುರುತು ಅದರ ಮೇಲೆ ಹಾಗೇ ಇತ್ತು. ಕಂಬದಿಂದ ಕಂಬಕ್ಕೆ ಬಿಗಿದ ತುಕ್ಕಿನ ಮುಳ್ಳುತಂತಿ ದಾರಿಗೆ ಅಡ್ಡ ನಿಂತಿತ್ತು. ಒಂದು ಕೋಣೆಯ ನೆಲದ ತುಂಬಾ ಕಲ್ಲು. ಡಂಫ್ರೀಸ್ ಮತ್ತು ಗ್ಯಾಲೊವೇಯ 108 ಸ್ಮಶಾನಗಳಲ್ಲಿ ಗೋರಿ ತೋಡುವಾಗ ಹೊರಬಿದ್ದ ಕಲ್ಲುಗಳವು. ಗುಂಡಿಗೆ ದೇಹ ಇಳಿಸಿದ ಮೇಲೆ ಅಷ್ಟೂ ಮಣ್ಣು, ಕಲ್ಲು ವಾಪಸು ಹಿಡಿಸುವುದಿಲ್ಲವಲ್ಲ, ಹಾಗೆ ಮಿಕ್ಕಿದ್ದು.

ನೋಡಬೇಕೆಂದರೆ

ಎಡಿನ್‌ಬರೋ ಪ್ರದರ್ಶನ ಮುಗಿದಿದೆ, ಕೃತಿಗಳು ಬೇರೆಡೆ ಬೇಕಾದಷ್ಟಿವೆ. ಅಮೆರಿಕದ ಬೇ ಏರಿಯಾದಲ್ಲಿ ಕನ್ನಡಿಗರು ಬಹಳ ಇರುವುದರಿಂದ ಅಲ್ಲಿಂದಲೇ ಹೇಳುವುದಾದರೆ, ಸುಟ್ಟ ಗೋಪುರವಿರುವ ಪ್ರೆಸಿಡಿಯೊದಲ್ಲಿ ಓಡಾಡಲು ಟಿಕೆಟ್ ಬೇಡ. ಅದೇ ಊರಿನ ಡಿ ಯಂಗ್ ಮ್ಯೂಸಿಯಂ ಬಾಗಿಲಿಗೆ ಹೋಗುವ ಚಪ್ಪಡಿ ನೆಲದಲ್ಲಿ ಒಂದು ಉದ್ದನೆಯ ಬಿರುಕು ಕಾಣುತ್ತದೆ. ಅದು ಕಟ್ಟಡದ ದೋಷವಲ್ಲ, ಭೂಕಂಪದ ನಾಡಿಗೆಂದು ಗೋಲ್ಡ್ಸ್‌ವರ್ದಿ 2005ರಲ್ಲಿ ಮಾಡಿದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ 1906 ಮತ್ತು 1989ರ ಭೂಕಂಪಗಳಲ್ಲಿ ಬಿದ್ದ ಕಟ್ಟಡಗಳ ಮರಳುಗಲ್ಲಿನಿಂದ ಕಟ್ಟಿದ, ಬಳುಕುತ್ತಾ ಸಾಗುವ 320 ಅಡಿಯ ಗೋಡೆಯಿದೆ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕರಿಕಲ್ಲಿನ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ ಒಂಬತ್ತು ಗುಮ್ಮಟಗಳಿವೆ, ಅಲ್ಲೂ ಪ್ರವೇಶ ಉಚಿತ.

ಬ್ರಿಟನ್ನಿನಲ್ಲಿರುವವರು ಕೇರ್ನ್‌ಹೆಡ್‌ನ ಕಮಾನುಗಳಿಗೆ ಹೋಗಬಹುದು. ಹತ್ತಿರದ ಹಳ್ಳಿ ಮೊನಿಯೈವ್, ಅಲ್ಲಿಂದ ಮುಂದೆ ಕಾಡುದಾರಿ, ಆಮೇಲೆ ಬೆಟ್ಟ ಹತ್ತಬೇಕು. ಮಂಜು ಇಳಿದರೆ ಎದುರಿನ ಕಮಾನೂ ಕಾಣುವುದಿಲ್ಲ, ಹವಾಮಾನ ನೋಡಿಕೊಂಡು ಹೊರಡುವುದು ಒಳ್ಳೆಯದು. ಯಾರ್ಕ್‌ಷೈರ್‌ನ ರೋಸ್‌ಡೇಲ್ ಕಣಿವೆಯಲ್ಲಿ ಪಾಳುಮನೆ, ಕೊಟ್ಟಿಗೆಗಳನ್ನು ಮರಳಿ ಕಟ್ಟಿ ಒಳಗೆ ಕೃತಿಗಳನ್ನಿಟ್ಟ ಇತ್ತೀಚಿನ ಕೆಲಸವೂ ಇದೆ, ಆದರೆ ಅಲ್ಲಿಗೆ ಮುಂಗಡ ಕಾಯ್ದಿರಿಸಿಯೇ ಹೋಗಬೇಕು. ಎಲ್ಲಿಗೇ ಹೋದರೂ ಫೋಟೊಗೆಂದು ಗೋಡೆಯ ಮೇಲೆ ಹತ್ತಬೇಡಿ. ನೆತ್ತಿಯ ಕಲ್ಲು ಒಂದು ಸಡಿಲವಾದರೆ ಸಾಕು, ಅದರಡಿಯ ಸಾಲುಗಳೂ ಒಂದೊಂದಾಗಿ ಬಿಡುತ್ತಾ ಬರುತ್ತವೆ.